ಕೊಲೆ ಅಪರಾಧಿಗಳ ಬಿಡುಗಡೆಗೆ ಹೋರಾಟ: ದಯೆಯೋ, ಸ್ವಪಕ್ಷಪಾತವೋ?

ಕೊಲೆಯ ಅಪರಾಧ ಸಾಬೀತಾಗಿ ಸೆರೆಮನೆ ಸೇರಿದವರನ್ನು ಬಿಡಿಸಬೇಕೆಂದು ಕೆಲವರು ವರ್ಷಗಟ್ಟಲೆ ಹೋರಾಡುವುದನ್ನು ಕಂಡಾಗ ನಮ್ಮಲ್ಲಿ ಅನೇಕರಿಗೆ ಕೋಪ ಬರುತ್ತದೆ. ಆ ಕೋಪ ಸಹಜವಾದುದು. ಆದರೆ ಅಂಥ ಹೋರಾಟಗಳೆಲ್ಲವೂ ಒಂದೇ ಬಗೆಯವಲ್ಲ ಎಂಬುದನ್ನು ನಾವು ಅರಿಯಬೇಕು.

1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ಮಾಜಿ ಪ್ರಧಾನಿ ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಅವರೊಡನೆ ಪೊಲೀಸರೂ ಸೇರಿದಂತೆ ಹತ್ತಕ್ಕೂ ಹೆಚ್ಚು ಜನ ಪ್ರಾಣ ತೆತ್ತರು. ಸಂಚಿನ ಮುಂದಾಳು ಶಿವರಾಸನ್ ಮತ್ತು ಸಂಗಡಿಗರು ಅದೇ ಆಗಸ್ಟ್‌ನಲ್ಲಿ ಬೆಂಗಳೂರಿನ ಕೋಣನಕುಂಟೆಯಲ್ಲಿ ಸತ್ತರು. 1998ರಲ್ಲಿ ವಿಶೇಷ ನ್ಯಾಯಾಲಯವು 26 ಮಂದಿಗೂ ಮರಣದಂಡನೆ ವಿಧಿಸಿತು. ಮರುವರ್ಷ ಸುಪ್ರೀಂ ಕೋರ್ಟು ಅವರಲ್ಲಿ 19 ಮಂದಿಯನ್ನು ಕೊಲೆಯ ಆರೋಪದಿಂದ ಮುಕ್ತಗೊಳಿಸಿ, ನಾಲ್ವರಿಗೆ ಮಾತ್ರ ಮರಣದಂಡನೆಯನ್ನು ಎತ್ತಿಹಿಡಿಯಿತು. ಒಂದು ತೀರ್ಪು ಇಷ್ಟರಮಟ್ಟಿಗೆ ಬದಲಾಗಬಲ್ಲುದಾದರೆ, ಉಳಿದವರ ವಿಷಯದಲ್ಲೂ ತಪ್ಪಾಗಿರಬಹುದೇ ಎಂಬ ಸಂಶಯ ಹುಟ್ಟುವುದು ಅಸಹಜವಲ್ಲ.

ಬಂಧನವಾದಾಗ ಪೇರರಿವಾಳನ್‌ಗೆ 19 ವರ್ಷ. ಎರಡು ಬ್ಯಾಟರಿಗಳನ್ನು ತಂದುಕೊಟ್ಟನೆಂಬುದು ಆತನ ಮೇಲಿದ್ದ ಮುಖ್ಯ ಆರೋಪ. ಅವು ಯಾವ ಉದ್ದೇಶಕ್ಕೆಂದು ತನಗೆ ತಿಳಿದಿರಲಿಲ್ಲವೆಂಬ ಆತನ ಮಾತನ್ನು ಹೇಳಿಕೆಯಿಂದ ಕೈಬಿಟ್ಟಿದ್ದಾಗಿ, ಅದನ್ನು ದಾಖಲಿಸಿಕೊಂಡಿದ್ದ ಸಿಬಿಐ ಅಧಿಕಾರಿಯೇ ನಿವೃತ್ತಿಯ ನಂತರ 2013ರಲ್ಲಿ ಬಹಿರಂಗಪಡಿಸಿದರು. ತಾಯಿ ಅರ್ಪುತಮ್ಮಾಳ್ ಮೂರು ದಶಕ ಊರೂರು ಅಲೆದರು. 2022ರ ಮೇ 18ರಂದು ಆತನ, ನವೆಂಬರ್ 11ರಂದು ಉಳಿದ ಆರು ಮಂದಿಯ ಬಿಡುಗಡೆಗೆ ಸುಪ್ರೀಂ ಕೋರ್ಟು ಆದೇಶಿಸಿತು.

ಇಲ್ಲಿ ಸತ್ಯದ ಹಂಬಲವಿತ್ತು, ಹೆತ್ತ ಕರುಳಿತ್ತು. ನಳಿನಿಗೆ ಮರಣದಂಡನೆ ಬೇಡವೆಂದು ಕೋರಿದ ಸೋನಿಯಾ ಗಾಂಧಿಯವರ ಕ್ಷಮೆಯೂ ಇತ್ತು. ಜೊತೆಗೆ ‘ನಮ್ಮವರು’ ಎಂಬ ಭಾಷಾಭಿಮಾನವೂ ರಾಜಕಾರಣವೂ ಬೆರೆತಿದ್ದವು.

ಆ ‘ನಮ್ಮವರು’ ಎಂಬ ಭಾವವೊಂದೇ ಉಳಿದಾಗ ಏನಾಗುವುದೆಂಬುದನ್ನು ಅದೇ ವರ್ಷದ ಆಗಸ್ಟ್ 15ರಂದು ಗೋಧ್ರಾದಲ್ಲಿ ಕಂಡೆವು. 2002ರಲ್ಲಿ ಬಿಲ್ಕಿಸ್ ಬಾನು ಅವರ ಮೇಲೆ ಸಾಮೂಹಿಕ ಅತ್ಯಾಚಾರವೆಸಗಿ, ಮೂರು ವರ್ಷದ ಮಗಳೂ ಸೇರಿದಂತೆ ಅವರ ಬಂಧುಗಳನ್ನು ಕೊಂದ ಪ್ರಕರಣದ 11 ಅಪರಾಧಿಗಳನ್ನು ಬಿಡುಗಡೆ ಮಾಡಲಾಯಿತು. ಅವರನ್ನು ಹಾರ ಹಾಕಿ, ಸಿಹಿ ತಿನ್ನಿಸಿ ಸ್ವಾಗತಿಸಿದರು. ನೊಂದ ತಾಯಿಗೆ ಮುನ್ಸೂಚನೆಯನ್ನೂ ಕೊಟ್ಟಿರಲಿಲ್ಲ. 2024ರ ಜನವರಿ 8ರಂದು ಸುಪ್ರೀಂ ಕೋರ್ಟು ಆ ಬಿಡುಗಡೆಯನ್ನು ರದ್ದುಪಡಿಸಿ, ಅವರನ್ನು ಮತ್ತೆ ಸೆರೆಗೆ ಕಳುಹಿಸಿತು.

ಆದುದರಿಂದ ಇಂಥ ಕೂಗು ಕೇಳಿದಾಗ ನಾವು ಮೂರು ಪ್ರಶ್ನೆಗಳನ್ನು ಕೇಳಬೇಕು. ಅಪರಾಧ ನಿಸ್ಸಂಶಯವಾಗಿ ಸಾಬೀತಾಗಿದೆಯೇ? ಶಿಕ್ಷೆ ಅನುಭವಿಸಿದವನು ಬದಲಾಗಿದ್ದಾನೆಯೇ? ಕಳೆದುಕೊಂಡವರ ಮಾತನ್ನು ಯಾರಾದರೂ ಆಲಿಸಿದ್ದಾರೆಯೇ? ಶ್ರೀಪೆರಂಬುದೂರಿನಲ್ಲಿ ಗಾಯಗೊಂಡು ಬದುಕುಳಿದವರು ಅಪರಾಧಿಗಳ ಬಿಡುಗಡೆಯನ್ನು ವಿರೋಧಿಸಿದ್ದರೆಂಬುದನ್ನೂ ನಾವು ನೆನಪಿಡಬೇಕು. ಸೆರೆಯಲ್ಲಿರುವವನಿಗಾಗಿ ಮರುಗುವ ಮನಸ್ಸು ಅವರಿಗಾಗಿಯೂ ಮರುಗಲಿ.