ಮರದ ಮೂಲ ಕೇಳಬೇಕಾದದ್ದು ಲಾರಿ ಡ್ರೈವರ್‌ನಲ್ಲಿ ಮಾತ್ರವಲ್ಲ

ಮರದ ವ್ಯಾಪಾರ ನಮ್ಮ ಸಮುದಾಯಕ್ಕೆ ಹೊಸತಲ್ಲ. ಲಾರಿ ಓಡಿಸುವವರು, ಲೋಡ್ ಮಾಡುವವರು, ಮಿಲ್ಲಿನಲ್ಲಿ ಕೊಯ್ಯುವವರು, ಡಿಪೋ ಇಟ್ಟವರು ನಮ್ಮ ಬಂಧುಬಳಗದಲ್ಲೇ ಇದ್ದಾರೆ. ಹಾಗಾಗಿ ಅಕ್ರಮ ಮರ ಸಾಗಾಟದ ಸುದ್ದಿ ಬಂದಾಗ ನಾವು ಅದನ್ನು ಸ್ವಲ್ಪ ನಿಂತು ಓದುತ್ತೇವೆ. ಸಾಮಾನ್ಯವಾಗಿ ಅದರಲ್ಲಿ ಇರುವುದು ಡ್ರೈವರ್ ಮತ್ತು ಕ್ಲೀನರ್‌ನ ಹೆಸರು. ಮರ ಯಾರಿಗೆ ಹೋಗುತ್ತಿತ್ತು? ಅದು ಮಾತ್ರ ಗೊತ್ತಾಗುವುದಿಲ್ಲ.

ನಮ್ಮಲ್ಲಿ ಕಾನೂನು ಇಲ್ಲ ಅಂತಲ್ಲ. ಮರ ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು, ಸಾಗಿಸಲು ಪರ್ಮಿಟ್ ಬೇಕು. 1963ರ ಅರಣ್ಯ ಕಾಯ್ದೆಯಡಿ ಮರದ ಜೊತೆಗೆ ಲಾರಿಯನ್ನೂ ಮುಟ್ಟುಗೋಲು ಹಾಕಬಹುದು. ಗೋದಾವರ್ಮನ್ ಪ್ರಕರಣದಲ್ಲಿ 1996ರಿಂದ ಸುಪ್ರೀಂ ಕೋರ್ಟ್ ಕೊಟ್ಟ ಆದೇಶಗಳಿಂದ ಸಾಮಿಲ್‌ಗಳ ಮೇಲೂ ಬಿಗಿ ಬಂದಿದೆ. ಇಷ್ಟಿದ್ದರೂ ಈ ಬಿಗಿಯೆಲ್ಲ ಇರುವುದು ದಾರಿಯ ಮೇಲೆ. ಸಾಲ ಮಾಡಿ ಲಾರಿ ಕೊಂಡವನ ಮನೆ ಮುಳುಗುತ್ತದೆ, ಆರ್ಡರ್ ಕೊಟ್ಟವನು ನಾಳೆ ಬೇರೆ ಲಾರಿ ಹುಡುಕುತ್ತಾನೆ.

ಸಮುದ್ರದ ದಾರಿಯಲ್ಲಿ ಬರುವ ಮರದ ಕಥೆ ಇನ್ನೂ ವಿಚಿತ್ರ. ನಮ್ಮ ಪಣಂಬೂರಿನ ಬಂದರಿಗೂ ವಿದೇಶದ ದಿಮ್ಮಿಗಳು ಬಂದಿವೆ, 'ಮಲೇಶಿಯಾ ಮರ' ಎಂಬ ಮಾತು ನಮ್ಮ ಆಚಾರಿಗಳ ಬಾಯಲ್ಲಿ ಮಾಮೂಲು. ವಿದೇಶದ ಮರ ಇಳಿಯುವಾಗ ಅದಕ್ಕೆ ಹುಳ ಹಿಡಿದಿದೆಯಾ, ಔಷಧದ ಹೊಗೆ ಕೊಟ್ಟಿದ್ದಾರಾ ಅಂತ ನಮ್ಮ ದೇಶ ಸರ್ಟಿಫಿಕೇಟ್ ಕೇಳುತ್ತದೆ. ಆದರೆ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಕೆಲವು ಜಾತಿಗಳನ್ನು ಬಿಟ್ಟರೆ, ಆ ಮರವನ್ನು ಅದರ ಊರಿನಲ್ಲಿ ಕಾನೂನು ಪ್ರಕಾರ ಕಡಿದದ್ದಾ ಅಂತ ಆಮದುದಾರನನ್ನು ಕೇಳುವ ಕಾನೂನೇ ಇಲ್ಲ. ಮ್ಯಾನ್ಮಾರ್ 2014ರಲ್ಲಿ ಇಡೀ ದಿಮ್ಮಿಗಳ ರಫ್ತು ನಿಲ್ಲಿಸಿತು. 2021ರ ಸೇನಾ ದಂಗೆಯ ಬಳಿಕ ಅಲ್ಲಿನ ಸರಕಾರಿ ಮರದ ಸಂಸ್ಥೆಯ ಮೇಲೆ ಅಮೆರಿಕ ಮತ್ತು ಐರೋಪ್ಯ ಒಕ್ಕೂಟ ನಿರ್ಬಂಧ ಹೇರಿದವು. ನಾವು ಹೇರಲಿಲ್ಲ. ಬರ್ಮಾ ತೇಗಕ್ಕೆ ಇಲ್ಲಿ ಇಂದಿಗೂ ಮರ್ಯಾದೆ ಇದೆ.

ಬೇರೆ ಕಡೆ ಎಂತ ಮಾಡಿದ್ದಾರೆ ನೋಡಿ. ಅಮೆರಿಕ 2008ರಲ್ಲಿ ತನ್ನ ಲೇಸಿ ಕಾಯ್ದೆಗೆ ತಿದ್ದುಪಡಿ ತಂದು, ಬೇರೆ ದೇಶದಲ್ಲಿ ಅಕ್ರಮವಾಗಿ ಕಡಿದ ಮರವನ್ನು ತರುವುದನ್ನೂ ಅಪರಾಧ ಮಾಡಿತು. ಲಂಬರ್ ಲಿಕ್ವಿಡೇಟರ್ಸ್ ಎಂಬ ದೊಡ್ಡ ಕಂಪೆನಿ 2016ರಲ್ಲಿ 1.3 ಕೋಟಿ ಡಾಲರ್‌ಗೂ ಹೆಚ್ಚು ದಂಡ ತೆರಬೇಕಾಯಿತು. ರಷ್ಯಾದ ಪೂರ್ವದ ಕಾಡಿನಲ್ಲಿ ಕಡಿದ ಓಕ್ ಮರ ಚೀನಾದಲ್ಲಿ ನೆಲಹಾಸಾಗಿ ಅದರ ಅಂಗಡಿಗೆ ಬಂದಿತ್ತು. ಅಲ್ಲಿ ಸಿಕ್ಕಿಬಿದ್ದದ್ದು ಡ್ರೈವರ್ ಅಲ್ಲ, ಧಣಿ. ಐರೋಪ್ಯ ಒಕ್ಕೂಟದಲ್ಲಿ 2013ರಿಂದ, ಮರವನ್ನು ಮೊದಲು ಮಾರುಕಟ್ಟೆಗೆ ತರುವವನೇ ಅದರ ಮೂಲ ವಿಚಾರಿಸಬೇಕು ಎಂಬ ನಿಯಮ ಬಂತು. ನಮಗೂ ಬೇಕಾದದ್ದು ಇಂಥದ್ದೇ ಕಾನೂನು.

'ಇನ್ನೂ ಕಾಗದ ಹೆಚ್ಚಾದರೆ ಸಣ್ಣ ವ್ಯಾಪಾರಿ ಬದುಕುವುದು ಹೇಗೆ ಮಾರಾಯ್ರೇ?' ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯದ್ದೇ. ಅದಕ್ಕಾಗಿಯೇ ಹೊಣೆ ಮೊದಲ ಆಮದುದಾರನ ಮೇಲೆ ಮತ್ತು ದೊಡ್ಡ ಗುತ್ತಿಗೆಗಳ ಮೇಲೆ ಬೀಳಬೇಕು. ಸಣ್ಣ ಡಿಪೋದವನು ಯಾರಿಂದ ತಂದೆ, ಯಾರಿಗೆ ಕೊಟ್ಟೆ ಎಂಬ ಬಿಲ್ಲು ಇಟ್ಟುಕೊಂಡರೆ ಸಾಕು. ಜೊತೆಗೆ, ಸ್ವಂತ ಜಾಗದಲ್ಲಿ ಬೆಳೆಸಿದ ಮರಕ್ಕೆ ಅನುಮತಿ ಬೇಗ ಸಿಗಬೇಕು. ಒಂದು ಹಲಸಿನ ಮರಕ್ಕೆ ತಿಂಗಳುಗಟ್ಟಲೆ ಅಲೆಸಿದರೆ ನಿಯತ್ತಿನವನೂ ಅಡ್ಡದಾರಿ ನೋಡುತ್ತಾನೆ. ಕೇಂದ್ರ ಸರಕಾರ 2023ರ ಕೊನೆಗೆ ದೇಶಕ್ಕೆಲ್ಲ ಒಂದೇ ಆನ್‌ಲೈನ್ ಸಾಗಾಟ ಪಾಸ್ ವ್ಯವಸ್ಥೆ ತಂದಿದೆ. ಅದು ಸರಿಯಾಗಿ ನಡೆದರೆ ಒಂದೇ ಪರ್ಮಿಟ್ ತೋರಿಸಿ ಎರಡು ಲೋಡು ದಾಟಿಸುವ ಆಟ ಕಷ್ಟವಾದೀತು.

ಕಾನೂನು ಬರುವ ತನಕ ನಾವು ಸುಮ್ಮನಿರಬೇಕೆಂದೇನೂ ಇಲ್ಲ. ಮನೆ ಕಟ್ಟುವಾಗ ಮುಂಬಾಗಿಲಿನ ದಾರಂದಕ್ಕೆ ಎಷ್ಟು ಖರ್ಚಾಯಿತು ಅಂತ ಹೆಮ್ಮೆಯಿಂದ ಹೇಳುತ್ತೇವೆ, ಮರ ಎಲ್ಲಿಯದು ಅಂತ ಕೇಳುವುದಿಲ್ಲ. ಮಾಂಸ ಕೊಳ್ಳುವಾಗ ಹಲಾಲ್ ಆ ಅಂತ ವಿಚಾರಿಸುವವರು ಮರದ ಬಿಲ್ಲನ್ನೂ ಕೇಳಬಹುದಲ್ವಾ? ಮನೆಗಿರಲಿ, ಮಸೀದಿಗಿರಲಿ, ಮದ್ರಸಕ್ಕಿರಲಿ, ಬಿಲ್ಲಿಲ್ಲದ ಮರ ಅಗ್ಗಕ್ಕೆ ಸಿಕ್ಕಿದರೂ ಬೇಡ ಎನ್ನೋಣ. ಆ ಅಗ್ಗದ ಮರಕ್ಕೆ ಬೆಲೆ ತೆರುವುದು ಎಲ್ಲೋ ಒಂದು ಕಾಡು, ಮತ್ತೆ ಜೈಲಿಗೆ ಹೋಗುವ ನಮ್ಮದೇ ಊರಿನ ಒಬ್ಬ ಹುಡುಗ.