ಬಂಗಿಗೆ ಸೂಟ್‌ಕೇಸಿನ ಕ್ರೀಮು ಬೇಡ

ಬೆಂಗಳೂರಿನಿಂದ ಬರುವವರಿಗೆ ಕೆನಡಾದ ಬ್ರಾಂಪ್ಟನ್, ಮಿಸಿಸಾಗಾದ ನಮ್ಮ ಮನೆಗಳಿಂದ ಹೋಗುವ ಪಟ್ಟಿಯಲ್ಲಿ ಚಟ್ನಿಪುಡಿಯ ಜೊತೆ ಬಂಗಿನ ಕ್ರೀಮೂ ಇರುತ್ತದೆ. ಇದು ನಿಲ್ಲಬೇಕು. ಅಂಥ ಅನೇಕ ಟ್ಯೂಬುಗಳಲ್ಲಿ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಜೊತೆಗೆ ಸ್ಟೀರಾಯ್ಡ್ ಇರುತ್ತದೆ. ವೈದ್ಯರ ನಿಗಾದಲ್ಲಿ ಕೆಲವು ವಾರ ಹಚ್ಚಬೇಕಾದದ್ದನ್ನು ವರ್ಷಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಕೆಂಪು ರಕ್ತನಾಳಗಳು ಎದ್ದು ಕಾಣುತ್ತವೆ; ಬಿಟ್ಟೊಡನೆ ಮುಖ ಉರಿಯುತ್ತದೆ. 2018ರಲ್ಲಿ ಭಾರತ ಸರ್ಕಾರವೇ 14 ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದಿತು. ಟೊರಾಂಟೊ ಸುತ್ತಲಿನ ಅಂಗಡಿಗಳಿಂದಲೂ ಹೆಲ್ತ್ ಕೆನಡಾ ಅನುಮತಿಯಿಲ್ಲದ ಬಿಳುಪಿನ ಕ್ರೀಮುಗಳನ್ನು ವಶಪಡಿಸಿಕೊಂಡಿದೆ.

ಬಂಗು ಕೊಳೆಯಲ್ಲ, ಅಂಟುರೋಗವೂ ಅಲ್ಲ. ಬಸಿರು, ಗರ್ಭನಿರೋಧಕ ಮಾತ್ರೆ, ಮನೆತನದ ಗುಣ, ಇವೆಲ್ಲದರ ಮೇಲೆ ಬೆಳಕು ಸೇರಿ ಚರ್ಮದ ಬಣ್ಣದ ಜೀವಕೋಶಗಳನ್ನು ಕೆರಳಿಸುತ್ತವೆ. ಚಳಿಗಾಲದಲ್ಲಿ ಬಿಸಿಲೆಲ್ಲಿ ಎನ್ನಬೇಡಿ: ಹೊಸ ಹಿಮ ನೇರಳಾತೀತ ಕಿರಣಗಳ ಬಹುಪಾಲನ್ನು ಮುಖಕ್ಕೇ ಮರಳಿಸುತ್ತದೆ, ಹೈವೇ 401ರಲ್ಲಿ ಹೋಗುವಾಗ ಕಾರಿನ ಪಕ್ಕದ ಗಾಜಿನಿಂದಲೂ ಅವು ಒಳಬರುತ್ತವೆ. ಕಣ್ಣಿಗೆ ಕಾಣುವ ಬೆಳಕೂ ನಮ್ಮ ಕಂದು ಚರ್ಮದಲ್ಲಿ ಬಂಗನ್ನು ಗಾಢವಾಗಿಸುತ್ತದೆ. ಹಾಗಾಗಿ ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ವರ್ಷವಿಡೀ ಬೇಕು. ಅದಿಲ್ಲದೆ ಯಾವ ಮದ್ದಿನ ಫಲವೂ ನಿಲ್ಲದು.

ಮೊದಲು ಫ್ಯಾಮಿಲಿ ಡಾಕ್ಟರಿಗೆ ತೋರಿಸಿ, ಚರ್ಮತಜ್ಞರಿಗೆ ರೆಫರಲ್ ಕೇಳಿ. ಬಸುರಿಯರು ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮುಟ್ಟಬಾರದು. ಅವರಿಗೆ ಅಜೆಲಾಯಿಕ್ ಆಮ್ಲದಂಥ ಆಯ್ಕೆ ಇದೆ. ಲೇಸರ್‌ಗೂ ಆತುರ ಬೇಡ, ಕಂದು ಚರ್ಮದಲ್ಲಿ ಅದು ಕಲೆಯನ್ನು ಹೆಚ್ಚಿಸಿದ್ದೂ ಉಂಟು. ಬಂಗು ಮಾಸಲು ತಿಂಗಳುಗಳೇ ಬೇಕು. ಹೆರಿಗೆಯ ನಂತರ ಕೆಲವರಲ್ಲಿ ತಾನಾಗಿಯೇ ತಿಳಿಯಾಗುತ್ತದೆ.