ಅಂಗಡಿಗೆ ಬೀಗ ಬಿತ್ತು, ಬಾಡಿಗೆಗೆ ಬೀಳಲಿಲ್ಲ

2020ರ ಮಾರ್ಚ್ 25ರಂದು ಇಡೀ ದೇಶ ಬಾಗಿಲು ಹಾಕಿಕೊಂಡಿತು. ಬಸ್ಸು ನಿಂತವು. ಮಳಿಗೆಗಳ ಶಟರ್ ಇಳಿಯಿತು. ಕಾರ್ಖಾನೆಗಳ ಸದ್ದು ಅಡಗಿತು. ನಿಲ್ಲದೇ ಇದ್ದದ್ದು ಒಂದೇ, ತಿಂಗಳ ಬಾಡಿಗೆ. ಒಂದನೇ ತಾರೀಖು ತಪ್ಪದೆ ಬಂತು. "ವ್ಯಾಪಾರವೇ ಇಲ್ಲ, ಎಲ್ಲಿಂದ ತರೋದು ಸ್ವಾಮಿ?" ಎಂದು ಬಾಡಿಗೆದಾರ ಕೇಳಿದರೆ, "ನಮಗೂ ಹೊಟ್ಟೆ ಇಲ್ವೇನ್ರಿ?" ಎಂದು ಮಾಲೀಕ ಕೇಳಿದ. ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ಉತ್ತರ ಹೇಳಬೇಕಾದ ಕಾನೂನು ಮಾತ್ರ ಬಾಯಿ ಬಿಡಲಿಲ್ಲ.

ಸರ್ಕಾರ ಏನೂ ಮಾಡಲಿಲ್ಲ ಎಂದರೆ ತಪ್ಪಾದೀತು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಬಲದಿಂದ ಕೇಂದ್ರ ಗೃಹ ಇಲಾಖೆ ಮಾರ್ಚ್ 29ರಂದು ಆದೇಶ ಹೊರಡಿಸಿತು. ಬೀಗ ಬಿದ್ದಿರುವಷ್ಟು ದಿನ ಕೆಲಸಗಾರರಿಗೆ ಕಡಿತವಿಲ್ಲದೆ ಸಂಬಳ ಕೊಡಬೇಕು. ಬಾಡಿಗೆ ಮನೆಯಲ್ಲಿರುವ ಕೂಲಿಕಾರರಿಂದ ಒಂದು ತಿಂಗಳು ಬಾಡಿಗೆ ಕೇಳಬಾರದು. ಕಾರ್ಮಿಕರನ್ನಾಗಲಿ ವಿದ್ಯಾರ್ಥಿಗಳನ್ನಾಗಲಿ ಮನೆಯಿಂದ ಹೊರಹಾಕಬಾರದು. ಓದಲು ಚೆನ್ನಾಗಿಯೇ ಇತ್ತು. ಆದರೆ ಸಂಬಳದ ದುಡ್ಡು ಎಲ್ಲಿಂದ ಬರಬೇಕು? ಇಬ್ಬರು ಹುಡುಗರನ್ನು ಇಟ್ಟುಕೊಂಡು ಅಂಗಡಿ ನಡೆಸುವವನಿಗೂ ಅದೇ ಅಪ್ಪಣೆ, ಸಾವಿರ ಆಳಿನ ಕಾರ್ಖಾನೆಗೂ ಅದೇ ಅಪ್ಪಣೆ. ಭಾರ ಹೊರಿಸಿದ ಸರ್ಕಾರ ತಾನು ಹೆಗಲು ಕೊಡಲಿಲ್ಲ.

ಆದೇಶದ ಆಯುಸ್ಸೂ ಕಡಿಮೆ. ಮೇ 18ರಿಂದ ಅದು ರದ್ದಾಯಿತು. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಅವರ ಮೇಲೆ ಬಲವಂತದ ಕ್ರಮ ಬೇಡ, ಸಂಬಳದ ವಿಷಯ ಮಾಲೀಕರೂ ಕಾರ್ಮಿಕರೂ ಕೂತು ಮಾತಾಡಿ ಬಗೆಹರಿಸಿಕೊಳ್ಳಲಿ ಎಂದು ಕೋರ್ಟು ಜೂನ್ 12ರಂದು ಹೇಳಿತು. ಸರಿಯೇ. ಆದರೆ ಕೆಲಸ ಕೊಡುವವನ ಎದುರು ಕೆಲಸ ಬೇಡುವವನು ಎಷ್ಟು ಹೊತ್ತು ಮಾತಾಡಿಯಾನು?

ಮಳಿಗೆ ಬಾಡಿಗೆಗೆ ಹಿಡಿದವರ ಪಾಡು ಇನ್ನೂ ಬಿಗಿ. ಮಾರ್ಚ್ 29ರ ಆದೇಶದಲ್ಲಿ ಅವರ ಹೆಸರೇ ಇರಲಿಲ್ಲ. ದಿಲ್ಲಿಯ ಖಾನ್ ಮಾರ್ಕೆಟ್‌ನ ಅಂಗಡಿಯೊಂದರ ಬಾಡಿಗೆದಾರರು ಅಲ್ಲಿನ ಹೈಕೋರ್ಟಿಗೆ ಹೋದರು. ಲಾಕ್‌ಡೌನ್ ಆಯಿತೆಂಬ ಒಂದೇ ಕಾರಣಕ್ಕೆ ಬಾಡಿಗೆ ಮಾಫಿ ಆಗೋದಿಲ್ಲ, ಕರಾರಿನಲ್ಲಿ ಹಾಗೆ ಬರೆದಿದ್ದರೆ ಮಾತ್ರ ಕೇಳಬಹುದು ಎಂದು 2020ರ ಮೇ 21ರಂದು ತೀರ್ಪಾಯಿತು. ಸಿಕ್ಕಿದ್ದು ಕಟ್ಟಲು ಒಂದಿಷ್ಟು ವಾಯಿದೆ ಮಾತ್ರ. ಅಂಗಡಿಕಾರರು ಈ ಮಾತು ನೆನಪಿಡಬೇಕು. ಮುಂದಿನ ಸಲ ಕರಾರು ಪತ್ರಕ್ಕೆ ಸಹಿ ಹಾಕುವಾಗ "ಸರ್ಕಾರದ ಆದೇಶದಿಂದ ಮಳಿಗೆ ಮುಚ್ಚಿದರೆ ಬಾಡಿಗೆ ಇಷ್ಟು" ಎಂಬ ಒಂದು ಸಾಲು ಇಲ್ಲದಿದ್ದರೆ ಕೋರ್ಟಿನ ಮೆಟ್ಟಿಲು ಹತ್ತಿಯೂ ಫಲ ಕಡಿಮೆ.

ಕಷ್ಟಕಾಲದಲ್ಲಿ ರಕ್ಷಣೆ ಹೆಚ್ಚಬೇಕಲ್ಲವೇ? ಆದದ್ದು ಉಲ್ಟಾ. ಕರ್ನಾಟಕ ಸರ್ಕಾರ 2020ರ ಮೇ 22ರಂದು ಕಾರ್ಖಾನೆ ದುಡಿಮೆಯನ್ನು ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆಗೆ ಏರಿಸಿತು. ವಿಷಯ ಹೈಕೋರ್ಟಿಗೆ ಹೋದ ಮೇಲೆ ಜೂನ್ 11ರಂದು ತೆಪ್ಪಗೆ ಹಿಂದಕ್ಕೆ ಪಡೆಯಿತು. ಗುಜರಾತ್ ಸರ್ಕಾರ 12 ಗಂಟೆ ದುಡಿಸಿಕೊಂಡು ಓವರ್‌ಟೈಮಿನ ಇಮ್ಮಡಿ ಕೂಲಿ ಕೊಡಬೇಕಿಲ್ಲ ಎಂದಿತ್ತು. ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ರೋಗದ ನೆಪದಲ್ಲಿ ಕೂಲಿಯವನ ಹಕ್ಕು ಕಿತ್ತುಕೊಳ್ಳುವಂತಿಲ್ಲ ಎಂಬುದು ಆ ತೀರ್ಪಿನ ತಾತ್ಪರ್ಯ.

ಗ್ರಾಹಕನ ಮಟ್ಟಿಗೆ ಸ್ವಲ್ಪ ವಾಸಿ. ಮಾಸ್ಕು, ಸ್ಯಾನಿಟೈಸರ್‌ಗಳನ್ನು 2020ರ ಮಾರ್ಚ್ 13ರಂದೇ ಅಗತ್ಯ ವಸ್ತುಗಳ ಪಟ್ಟಿಗೆ ಸೇರಿಸಲಾಯಿತು. ಮಾರ್ಚ್ 21ರಂದು ಬೆಲೆ ಗೊತ್ತುಮಾಡಿದರು: ಮೂರು ಪದರದ ಮಾಸ್ಕಿಗೆ 10 ರೂಪಾಯಿ, 200 ಎಂ.ಎಲ್. ಸ್ಯಾನಿಟೈಸರ್‌ಗೆ 100 ರೂಪಾಯಿ ಮೀರುವಂತಿಲ್ಲ. ಅದೂ ಜೂನ್ 30ರವರೆಗೆ. ಅಂಗಡಿಯವನೇ ಸಗಟಿನಲ್ಲಿ ಹೆಚ್ಚು ಕೊಟ್ಟು ತಂದಿದ್ದರೆ? ಅದಕ್ಕೂ ಬಿಲ್ಲು ಬೇಕು. ಬಿಲ್ಲಿಲ್ಲದ ಅಂಗಡಿಯವನೂ, ಬಿಲ್ಲು ಕೇಳದ ಗಿರಾಕಿಯೂ ಒಂದೇ ದೋಣಿಯ ಪಯಣಿಗರು.

ಇದರ ಬೇರು ಬಲು ಹಳೆಯದು. ಮುಂಬಯಿಯಲ್ಲಿ ಪ್ಲೇಗು ಹಬ್ಬಿದಾಗ ಬ್ರಿಟಿಷರು 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದರು. ನಾಲ್ಕೇ ಕಲಮು. ಅಧಿಕಾರಿಗೆ ಅಧಿಕಾರ ಇತ್ತು, ಮಾತು ಕೇಳದವನಿಗೆ ಶಿಕ್ಷೆ ಇತ್ತು, ಅಧಿಕಾರಿಯ ಮೇಲೆ ದಾವೆ ಹೂಡದಂತೆ ರಕ್ಷಣೆಯೂ ಇತ್ತು. ಕೂಲಿ, ಬಾಡಿಗೆ, ಬೆಲೆ ಎಂಬ ಮಾತೇ ಇರಲಿಲ್ಲ. 2020ರಲ್ಲಿ ಎದುರಿಗೆ ಹಿಡಿದದ್ದೂ ಇದೇ ಕಾಯ್ದೆಯನ್ನು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಜನರ ರಕ್ಷಣೆಯ ಆದೇಶಗಳೆಲ್ಲ ರಾತ್ರೋರಾತ್ರಿ ಹುಟ್ಟಿ ತಿಂಗಳೊಪ್ಪತ್ತಿನಲ್ಲಿ ಸತ್ತವು.

ಆದ್ದರಿಂದ ಬೇಕಾದದ್ದು ಶಾಶ್ವತ ಕಾನೂನು. ಸರ್ಕಾರವೇ ಬೀಗ ಹಾಕಿಸಿದರೆ ಬಾಡಿಗೆಯ ನಷ್ಟದಲ್ಲಿ ಮಾಲೀಕನ ಪಾಲೆಷ್ಟು, ಬಾಡಿಗೆದಾರನ ಪಾಲೆಷ್ಟು, ಸರ್ಕಾರದ ಪಾಲೆಷ್ಟು? ಸಣ್ಣ ಅಂಗಡಿಯ ಹುಡುಗನ ಸಂಬಳ ಯಾವ ನಿಧಿಯಿಂದ? ಇದನ್ನು ರೋಗ ಬರುವ ಮೊದಲೇ ಬರೆದಿಡಬೇಕು. ಶಾಸಕರು ಓಟು ಕೇಳಲು ಬಂದಾಗ ಜನ ಕೇಳಬೇಕಾದ ಪ್ರಶ್ನೆ ಇದೇ.

ಅಲ್ಲಿಯವರೆಗೆ ಕಾಗದವೇ ಗತಿ. ಬಾಡಿಗೆ ರಸೀದಿ, ಸಂಬಳದ ಚೀಟಿ, ಅಂಗಡಿ ಬಿಲ್ಲು ಈ ಮೂರನ್ನು ಜೋಪಾನ ಮಾಡಬೇಕು. ಗ್ರಾಹಕರು 1915ಕ್ಕೆ ಫೋನು ಮಾಡಿ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವಿಲ್ಲ. ಹೆಂಗಸರಿಗೆ, ಕಾರ್ಖಾನೆ ಕಾರ್ಮಿಕರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರ ನೆರವು ಪುಕ್ಕಟೆ. ರೋಗ ಹೇಳಿ ಬರೋದಿಲ್ಲ. ಕಾನೂನಾದರೂ ಮೊದಲೇ ಬಂದಿರಬೇಕು.